ಜರ್ಮನಿಯ ಗ್ಲೈಡಿಂಗ್ ಗುಂಪಿನಲ್ಲಿ ಬಿಟ್ಟಿ ರಿಪೇರಿ ಕೆಲಸ: ಸೇರಬಹುದಾ?

ಕುಳಾಯಿ ಹುಡುಗ

ಎಲ್ಲರಿಗೂ ನಮಸ್ಕಾರ. ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಮುಗಿಸಿದ್ದೇನೆ. ಅಕ್ಟೋಬರ್‌ನಿಂದ ಜರ್ಮನಿಯಲ್ಲಿ ಎಂಎಸ್. ನಾನು ಸೇರುವ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳದ್ದೇ ಒಂದು ಗ್ಲೈಡಿಂಗ್ ಗುಂಪು ಉಂಟು. ಅಕಾಫ್ಲೀಗ್ ಅನ್ನುತ್ತಾರೆ. ಇಂಜಿನ್ ಇಲ್ಲದ ವಿಮಾನ ಹಾರಿಸುವುದು ಕಲಿಸುತ್ತಾರೆ, ಖರ್ಚೂ ಕಡಿಮೆ. ಅದರ ಬದಲಿಗೆ ಸದಸ್ಯರೇ ಚಳಿಗಾಲದಲ್ಲಿ ವರ್ಕ್‌ಶಾಪ್‌ಗೆ ಬಂದು ಗಂಟೆ ಲೆಕ್ಕದಲ್ಲಿ ದುಡಿಯಬೇಕು. ಸಂಬಳ ಇಲ್ಲ.

ಅಪ್ಪನಿಗೆ ಹೇಳಿದೆ. "ಅಷ್ಟು ಸಾಲ ಮಾಡಿ ಅಲ್ಲಿಗೆ ಹೋಗಿ ಪಾಲಿಶ್ ಪೇಪರ್ ಉಜ್ಜುವುದಾ? ಅದಕ್ಕೆ ನಮ್ಮ ಬೈಕಂಪಾಡಿಯ ಕಾರ್ಖಾನೆಗಳೇ ಸಾಕಿತ್ತಲ್ಲ" ಅಂದರು. ಅದು ಇರಲಿ, ನನಗೆ ನಿಜವಾಗಿ ಕೊರೆಯುತ್ತಿರುವುದು ಬೇರೆ. ತರಬೇತಿ ಇಲ್ಲದ ನಾನು ಕೈಹಾಕಿದ ವಿಮಾನದಲ್ಲಿ ಇನ್ನೊಬ್ಬರು ಕೂತು ಹಾರುತ್ತಾರೆ. ಇದು ಸರಿಯಾ? ಗೊತ್ತಿದ್ದವರು ಇದ್ದರೆ ಹೇಳಿ.

ಮೂಡುಬಿದಿರೆ ಫಿಟ್ಟರ್

ನಾನು ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವನು. ಈಗ ನಿವೃತ್ತಿ. ನೇರ ಹೇಳುತ್ತೇನೆ ತಮ್ಮ, ನನಗೆ ಇದು ಸರಿ ಕಾಣುವುದಿಲ್ಲ.

ನಮ್ಮಲ್ಲಿ ಏನು ಕೆಲಸ ಮಾಡಿದರೂ ಎಫ್-700 ಅನ್ನುವ ವಿಮಾನದ ದಾಖಲೆ ಪುಸ್ತಕದಲ್ಲಿ ಬರೆಯಬೇಕು, ಸಹಿ ಹಾಕಬೇಕು. ವಿಮಾನ ತಿರುಗಿಸುವ ಕಂಟ್ರೋಲ್‌ಗೆ ಸಂಬಂಧಪಟ್ಟದ್ದು ಬಿಚ್ಚಿದರೆ ಒಬ್ಬ ನೋಡಿದರೆ ಸಾಲದು, ಎರಡನೆಯವ ಬೇರೆಯಾಗಿ ಬಂದು ನೋಡಬೇಕು. ಡುಪ್ಲಿಕೇಟ್ ಇನ್‌ಸ್ಪೆಕ್ಷನ್. ಕೆಲಸ ಮುಗಿದ ಮೇಲೆ ಟೂಲ್ ಎಣಿಸಬೇಕು. ಒಂದು ಸ್ಪ್ಯಾನರ್ ಕಮ್ಮಿ ಬಂದರೆ ಅದು ಸಿಗುವ ತನಕ ವಿಮಾನ ನೆಲ ಬಿಡುವುದಿಲ್ಲ. ಇದನ್ನೆಲ್ಲ ಮೈಗೂಡಿಸಿಕೊಳ್ಳಲಿಕ್ಕೇ ನಮಗೆ ವರ್ಷಗಟ್ಟಲೆ ಬೇಕಾಯಿತು. ಶನಿವಾರ ಬಂದು ಕಾಫಿ ಕುಡಿದು ಎರಡು ಗಂಟೆ ಉಜ್ಜಿ ಹೋಗುವ ಕಾಲೇಜು ಮಕ್ಕಳಿಗೆ ಅದು ಹೇಗೆ ಬರಬೇಕು?

ಕಟಪಾಡಿ ಕೋನೆ

ಕುಳಾಯಿ ತಮ್ಮನಿಗೂ ಫಿಟ್ಟರ್ ಸರ್‌ಗೂ ಸೇರಿಸಿಯೇ ಬರೆಯುತ್ತೇನೆ. ಜರ್ಮನಿಯಲ್ಲಿ ಬಹಳ ವರ್ಷ ಇದ್ದೆ. ಸಣ್ಣ ಊರಿನ ಒಂದು ಕ್ಲಬ್‌ನಲ್ಲಿ ಹಾರುತ್ತಿದ್ದೆ, ಚಳಿಗಾಲ ಬಂದರೆ ವರ್ಕ್‌ಶಾಪ್‌ನಲ್ಲಿ ಇರುತ್ತಿದ್ದೆ. ಈಗ ಊರಲ್ಲೇ ಇದ್ದೇನೆ.

ಮೊದಲು ಒಂದು ವಿಷಯ. ಅಲ್ಲಿ ಇದು ಹಣ ಉಳಿಸಲಿಕ್ಕೆ ಮೊನ್ನೆ ಶುರುವಾದದ್ದಲ್ಲ. ಮೊದಲ ಮಹಾಯುದ್ಧ ಸೋತ ಮೇಲೆ ವರ್ಸೈಲ್ಸ್ ಒಪ್ಪಂದದಿಂದ ಜರ್ಮನಿಗೆ ಇಂಜಿನ್ ವಿಮಾನ ಮಾಡುವುದೇ ಕಷ್ಟವಾಯಿತು. ಹುಡುಗರು ಇಂಜಿನ್ ಇಲ್ಲದ್ದನ್ನು ತಾವೇ ಕಟ್ಟಿದರು. 1920ರಲ್ಲಿ ವಾಸರ್‌ಕುಪ್ಪೆ ಅನ್ನುವ ಬೆಟ್ಟದ ಮೇಲೆ ಮೊದಲ ಸ್ಪರ್ಧೆ ಆಯಿತು. ಅಕಾಫ್ಲೀಗ್‌ಗಳು ಶುರುವಾದದ್ದೂ ಆ ಕಾಲದಲ್ಲೇ. 1957ರಲ್ಲಿ ಫೈಬರ್ ಗ್ಲಾಸ್‌ನ ಮೊದಲ ಗ್ಲೈಡರ್ ಹಾರಿತಲ್ಲ, ಎಫ್‌ಎಸ್-24 ಫೀನಿಕ್ಸ್, ಅದು ಸ್ಟುಟ್‌ಗಾರ್ಟ್ ಅಕಾಫ್ಲೀಗ್‌ನ ಕೂಸು. ಹಾಗಾಗಿ ನಿನ್ನ ಅಪ್ಪನಿಗೆ ಹೇಳು, ಆ ಪಾಲಿಶ್ ಪೇಪರ್‌ಗೆ ಒಳ್ಳೆ ಮನೆತನ ಉಂಟು.

ಈಗ ಕೆಲಸದ ವಿಷಯ. ಸೀಸನ್ ಮುಗಿದ ಮೇಲೆ ರೆಕ್ಕೆ ಬಿಚ್ಚಿ ವರ್ಕ್‌ಶಾಪ್‌ಗೆ ತರುತ್ತಾರೆ. ತೊಳೆಯುವುದು, ಹಳೆ ಗ್ರೀಸ್ ಒರೆಸಿ ಹೊಸತು ಹಚ್ಚುವುದು, ಟೈರ್, ಬ್ರೇಕ್, ಸೀಟು ಬೆಲ್ಟ್ ನೋಡುವುದು, ಮೇಲ್ಮೈಯ ಜೆಲ್‌ಕೋಟ್‌ನಲ್ಲಿ ಕೂದಲೆಳೆ ಬಿರುಕು ಬಂದಿದ್ದರೆ ಗುರುತು ಹಾಕುವುದು. ಹೊಸಬರಿಗೆ ಮೊದಲ ವರ್ಷ ಇಷ್ಟೇ. ಹೆಚ್ಚಿನ ಸಮಯ ಹೋಗುವುದೂ ಇದರಲ್ಲೇ.

ಕೇಬಲ್, ರಾಡ್, ಕಂಟ್ರೋಲ್ ಜೋಡಣೆ, ರೆಕ್ಕೆಯ ಪಿನ್, ಹುಕ್: ಇವುಗಳ ಹತ್ತಿರ ಹೋಗುವವರು ಬೇರೆ. ಅವರೂ ಕ್ಲಬ್‌ನ ಸದಸ್ಯರೇ, ಅವರಿಗೂ ಸಂಬಳ ಇಲ್ಲ, ಆದರೆ ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡವರು. ಹಗಲಲ್ಲಿ ಬಡಗಿ, ಹಲ್ಲಿನ ಡಾಕ್ಟರ್, ಮೇಷ್ಟ್ರು, ಯಾರು ಬೇಕಾದರೂ ಆಗಿರಬಹುದು. 2020ರಿಂದ ಯೂರೋಪಿನಲ್ಲಿ ಪಾರ್ಟ್-ಎಂಎಲ್ ಎಂಬ ನಿಯಮ ಬಂದಿದೆ. ಹಗುರ ವಿಮಾನಗಳಿಗೆ ಮಾಡಿದ್ದು. ಸಣ್ಣಪುಟ್ಟ ಕೆಲಸವನ್ನು ಮಾಲೀಕ ಪೈಲಟ್ ತಾನೇ ಮಾಡಿ ಸಹಿ ಹಾಕಬಹುದು. ಕ್ಲಬ್‌ನ ವಿಮಾನವಾದರೆ ಅದಕ್ಕೆಂದು ಗೊತ್ತುಮಾಡಿದ ಸದಸ್ಯರು ಹಾಕಬಹುದು. ದೊಡ್ಡ ಕೆಲಸ, ಕಂಟ್ರೋಲ್‌ನಂಥ ನಾಜೂಕಿನ ಕೆಲಸ ಆ ಪಟ್ಟಿಯಲ್ಲಿ ಬರುವುದಿಲ್ಲ. ಫಿಟ್ಟರ್ ಸರ್, ನೀವು ಹೇಳಿದ ಎರಡನೇ ಕಣ್ಣು ಅಲ್ಲೂ ಉಂಟು.

ಇನ್ನೊಂದು. ಗ್ಲೈಡರ್ ಟ್ರೈಲರ್‌ನಿಂದ ಇಳಿಸಿ ಜೋಡಿಸಿದಾಗಲೆಲ್ಲ ಒಬ್ಬ ಹೊರಗೆ ನಿಂತು ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಏಲೆರಾನ್ ಅನ್ನುವ ಪಟ್ಟಿಯನ್ನು ಗಟ್ಟಿ ಹಿಡಿಯುತ್ತಾನೆ. ಒಳಗಿದ್ದವ ಸ್ಟಿಕ್, ಅಂದರೆ ವಿಮಾನ ನಡೆಸುವ ಕೋಲು, ತಿರುಗಿಸಿ ನೋಡುತ್ತಾನೆ. ಹಿಡಿದವನ ಕೈಗೆ ಒತ್ತಡ ಬರಬೇಕು. ಹೀಗೆ ಬಾಲ, ಬ್ರೇಕ್ ಎಲ್ಲ ಒಂದೊಂದಾಗಿ. ಯಾಕೆಂದರೆ ಹಳೆ ಗ್ಲೈಡರ್‌ಗಳಲ್ಲಿ ಲೋಟೆಲಿಯೆ ಎಂಬ ಗುಂಡು-ಬಟ್ಟಲಿನ ಜೋಡಣೆ ಇರುತ್ತದೆ. ಸರಿಯಾಗಿ ಕೂರದಿದ್ದರೂ ಕೂತ ಹಾಗೆ ಕಾಣುತ್ತದೆ. ಅದು ಬಿಟ್ಟುಹೋಗಿ ಜೀವ ಹೋದದ್ದುಂಟು.

ಮಲ್ಪೆ ಫೈಬರ್

ನನಗೆ ವಿಮಾನದ ಗಂಧಗಾಳಿ ಇಲ್ಲ ಮಾರ್ರೆ. ದೋಣಿಗೆ ಫೈಬರ್ ಹೊಡೆಯುವ ಕೆಲಸ ನನ್ನದು. ಜೆಲ್‌ಕೋಟ್ ಅಂದ ಕೂಡಲೇ ಓದಲು ಕೂತೆ.

ನಾವು ಪಾಲಿಯೆಸ್ಟರ್ ರೆಸಿನ್‌ಗೆ ಆಕ್ಸಿಲರೇಟರ್ ಹಾಕಿ, ಆಮೇಲೆ ಹಾರ್ಡನರ್ ಹಾಕಿ, ಮ್ಯಾಟ್ ಹಾಸಿ ರೋಲರ್ ಎಳೆಯುತ್ತೇವೆ. ಏಪ್ರಿಲ್ ಸೆಕೆಯಲ್ಲಿ ಹಾರ್ಡನರ್ ಸ್ವಲ್ಪ ಜಾಸ್ತಿಯಾದರೆ ಡಬ್ಬದಲ್ಲೇ ಹೊಗೆ ಏಳುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಥೆ, ತೇವ ಹಿಡಿದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಅಳತೆ ಎಲ್ಲ ಕಣ್ಣಂದಾಜು. ದೋಣಿಗೆ ಒಂದು ಪದರ ಜಾಸ್ತಿಯಾದರೆ ಯಾರಿಗೂ ಬೇಜಾರಿಲ್ಲ, ಇನ್ನೂ ಗಟ್ಟಿ ಆಯ್ತು ಅಂತ ಯಜಮಾನರು ಖುಷಿಪಡುತ್ತಾರೆ.

ಕಟಪಾಡಿಯವರೇ, ವಿಮಾನದ್ದೂ ಇದೇ ಮಾಲಾ? ನಮ್ಮ ಹುಡುಗರು ಅಲ್ಲಿಗೆ ಹೋದರೆ ಕೆಲಸ ಸಿಕ್ಕೀತಾ? ತಮಾಷೆಗೆ ಕೇಳಿದ್ದಲ್ಲ.

ಕಟಪಾಡಿ ಕೋನೆ

ನಿಮ್ಮ ಹುಡುಗರ ಕೈ ಅಲ್ಲಿ ಬಂಗಾರ. ರೋಲರ್ ಹಿಡಿದು ಗುಳ್ಳೆ ಬಿಡಿಸುವುದು ಗೊತ್ತಿದ್ದವನಿಗೆ ಉಳಿದದ್ದು ಕಲಿಸುವುದು ಸುಲಭ. ಆದರೆ ಮಾಲು ಬೇರೆ. ಒಳಗಿನ ಪದರಗಳಿಗೆ ಎಪಾಕ್ಸಿ, ನೇಯ್ದ ಗಾಜಿನ ಬಟ್ಟೆ. ಎಪಾಕ್ಸಿಗೆ ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಒಣಗುತ್ತದೆ ಅನ್ನುವ ಲೆಕ್ಕ ಇಲ್ಲ. ಅಳತೆ ತಪ್ಪಿದರೆ ಯಾವತ್ತಿಗೂ ಪೂರ್ತಿ ಗಟ್ಟಿಯಾಗುವುದಿಲ್ಲ. ತಕ್ಕಡಿಯಲ್ಲಿ ಗ್ರಾಮ್ ಲೆಕ್ಕದಲ್ಲಿ ತೂಗಿಯೇ ಕಲಸಬೇಕು. ಕಲಸಿದ್ದರಲ್ಲಿ ಸ್ವಲ್ಪ ತೆಗೆದು, ತಾರೀಕು ಬರೆದು ಇಡುತ್ತಾರೆ. ನಾಳೆ ಆ ತುಂಡು ಮೆತ್ತಗಿದ್ದರೆ ರೆಕ್ಕೆಯ ಮೇಲಿನದ್ದೂ ಮೆತ್ತಗೇ. ಗಟ್ಟಿಯಾದ ಮೇಲೂ ಬಿಸಿ ಡೇರೆಯೊಳಗೆ ಇಟ್ಟು ಹದ ಮಾಡಬೇಕು. ಮೇಲಿನ ಜೆಲ್‌ಕೋಟ್ ಮಾತ್ರ ಸಾಮಾನ್ಯವಾಗಿ ನಿಮ್ಮ ಹಾಗೆ ಪಾಲಿಯೆಸ್ಟರ್.

ಗ್ಲೈಡರ್ ಎಲ್ಲ ಯಾಕೆ ಬಿಳಿ ಬಣ್ಣ ಅಂತ ಕೇಳುತ್ತಾರಲ್ಲ, ಅದೂ ಇದಕ್ಕೇ. ಹಳೆ ರೆಸಿನ್ ಸುಮಾರು 54 ಡಿಗ್ರಿ ದಾಟಿದರೆ ಮೆದುವಾಗಲು ಶುರು. ಕಡುಬಣ್ಣ ಬಳಿದು ಬಿಸಿಲಲ್ಲಿ ನಿಲ್ಲಿಸಿದರೆ ಅಷ್ಟು ಬಿಸಿ ಏರುವುದು ಕಷ್ಟವೇ ಅಲ್ಲ.

ನೀವು ಹೇಳಿದಿರಲ್ಲ, ಒಂದು ಪದರ ಜಾಸ್ತಿಯಾದರೆ ಬೇಜಾರಿಲ್ಲ ಅಂತ. ವಿಮಾನದಲ್ಲಿ ಬೇಜಾರು ಉಂಟು. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಬಿಟ್ಟಿ ಕೆಲಸದವರು ಎಡವುವ ಜಾಗ ಇದೇ. ಬೋಲ್ಟ್ ಬಿಗಿಯುವಾಗ ಎಲ್ಲರೂ ಹೆದರುತ್ತಾರೆ, ಜಾಗ್ರತೆ ಮಾಡುತ್ತಾರೆ. ಬಣ್ಣ ಹೊಡೆಯುವಾಗ ಯಾರೂ ಹೆದರುವುದಿಲ್ಲ.

ಬಾಲದ ರಡ್ಡರ್, ರೆಕ್ಕೆಯ ಏಲೆರಾನ್ ಇವೆಲ್ಲ ಹಿಂಜ್ ಮೇಲೆ ತೂಗುವ ಭಾಗ. ಹಿಂಜ್‌ನ ಹಿಂದೆ ಎಷ್ಟು ಭಾರ ಇರಬಹುದು ಅಂತ ಮ್ಯಾನುಯಲ್‌ನಲ್ಲಿ ಮಿತಿ ಕೊಟ್ಟಿರುತ್ತಾರೆ. ಚಂದ ಕಾಣಲಿ ಅಂತ ಬಣ್ಣ ಎರಡು ಕೋಟ್ ಜಾಸ್ತಿ ಹೊಡೆದರೆ ಆ ಮಿತಿ ದಾಟಬಹುದು. ಆಗ ವೇಗ ಹೆಚ್ಚಿದಾಗ ಆ ಭಾಗ ತನ್ನಷ್ಟಕ್ಕೆ ಪಟಪಟ ಬಡಿದುಕೊಳ್ಳಲು ಶುರುಮಾಡುತ್ತದೆ. ಫ್ಲಟರ್ ಅನ್ನುತ್ತಾರೆ. ಕೆಲವು ಕ್ಷಣದಲ್ಲಿ ಮುರಿದು ಹೋಗಬಹುದು. ನಮ್ಮ ಕ್ಲಬ್‌ನಲ್ಲಿ ಒಮ್ಮೆ ರಡ್ಡರ್ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಇನ್‌ಸ್ಪೆಕ್ಟರ್ ಬಂದರು, ಹೊಗಳಲಿಲ್ಲ, ತಕ್ಕಡಿ ತರಿಸಿದರು. ಮಿತಿ ದಾಟಿತ್ತು. ಎಲ್ಲ ಉಜ್ಜಿ ತೆಗೆದು ಮತ್ತೆ ಮೊದಲಿಂದ.

ಬಾಲದ ರಿಪೇರಿಗೂ ಇದೇ ಲೆಕ್ಕ. ಬಾಲ ದೂರ ಇರುವುದರಿಂದ ಅಲ್ಲಿ ಒಂದು ಕಿಲೋ ಸೇರಿದರೆ ತೂಕದ ಕೇಂದ್ರ ಹಿಂದೆ ಹೋಗುತ್ತದೆ. ಹಗುರ ಪೈಲಟ್ ಕೂತರೆ ವಿಮಾನದ ಮೂಗು ಹಿಡಿತದಲ್ಲಿ ನಿಲ್ಲುವುದಿಲ್ಲ. ಅದಕ್ಕೇ ದೊಡ್ಡ ರಿಪೇರಿ, ಬಣ್ಣ ಆದ ಮೇಲೆ ಇಡೀ ಗ್ಲೈಡರ್ ತೂಗಿ, ಪೈಲಟ್ ಕನಿಷ್ಠ ಇಷ್ಟು ಕಿಲೋ ಇರಬೇಕು ಅಂತ ಕಾಕ್‌ಪಿಟ್‌ನಲ್ಲಿ ಚೀಟಿ ಅಂಟಿಸುತ್ತಾರೆ.

ಕುಂದಾಪುರ ಆಡಿಟ್

ಮೇಲಿನದ್ದೆಲ್ಲ ಓದಿದೆ. ಅರ್ಧ ಅರ್ಥವಾಯಿತು. ಆದರೆ ಫಿಟ್ಟರ್ ಸರ್ ಮತ್ತು ಕಟಪಾಡಿ ಅಣ್ಣ ಒಂದೇ ವಿಷಯ ಹೇಳುತ್ತಿದ್ದಾರೆ ಅಂತ ನನಗೆ ಕಾಣುತ್ತದೆ. ನಾನು ಬ್ಯಾಂಕಿನಲ್ಲಿ ಇದ್ದವಳು. ಅಲ್ಲಿ ಒಬ್ಬರು ಎಂಟ್ರಿ ಹಾಕಿದರೆ ಇನ್ನೊಬ್ಬರು ಪಾಸ್ ಮಾಡಬೇಕು. ಹಾಕಿದವನಿಗೇ ಪಾಸ್ ಮಾಡಲು ಸಿಸ್ಟಮ್ ಬಿಡುವುದಿಲ್ಲ. ಎಂಟ್ರಿ ಹಾಕುವವ ನಿನ್ನೆ ಸೇರಿದ ಹುಡುಗ ಆದರೂ ನಡೆಯುತ್ತದೆ. ಪಾಸ್ ಮಾಡುವವ ಪೇಪರ್ ನೋಡದೆ ಗುಂಡಿ ಒತ್ತಿದರೆ ಮಾತ್ರ ಕೆಟ್ಟಿತು. ನಾನು ಆಡಿಟ್‌ನಲ್ಲಿ ಕಂಡ ಮೋಸಗಳಲ್ಲಿ ಹೆಚ್ಚಿನವು ನಡೆದದ್ದು ಹೊಸಬರಿಂದ ಅಲ್ಲ. "ಅವನು ಗೊತ್ತಿದ್ದವ, ಬಿಡಿ" ಅಂತ ಕಣ್ಣುಮುಚ್ಚಿ ಪಾಸ್ ಮಾಡಿದ್ದರಿಂದ.

ಕುಳಾಯಿ ತಮ್ಮ, ನೀನು ಅಲ್ಲಿ ಹೋಗಿ ಕೇಳಬೇಕಾದ್ದು ಒಂದೇ. ಪಾಸ್ ಮಾಡುವವರು ಬೇಡ ಅಂತ ಯಾವತ್ತಾದರೂ ಹೇಳಿದ್ದುಂಟಾ? ಉಂಟು ಅಂದರೆ ಸೇರು.

ಮೂಡುಬಿದಿರೆ ಫಿಟ್ಟರ್

ಮೇಡಂ ಹೇಳಿದ್ದು ಒಪ್ಪಿದೆ. ರಡ್ಡರ್ ತೂಗಿಸಿದ ಇನ್‌ಸ್ಪೆಕ್ಟರ್‌ಗೂ ಒಂದು ಸಲ್ಯೂಟ್. ಆದರೆ ನನ್ನ ಸಂಶಯ ಪೂರ್ತಿ ಹೋಗಿಲ್ಲ.

ನಮ್ಮಲ್ಲಿ ಕೆಲಸ ಕೆಟ್ಟರೆ ವಾರಂಟ್ ಆಫೀಸರ್ ಎದುರು ನಿಲ್ಲಿಸಿ ಬೈಯುತ್ತಿದ್ದರು. ಬೈಸಿಕೊಂಡೇ ಕಲಿತೆವು. ಸಂಬಳ ಇಲ್ಲದೆ, ಭಾನುವಾರ ಮನೆ ಬಿಟ್ಟು ಬಂದವನಿಗೆ ಬೈಯುವುದು ಹೇಗೆ? ಬೈದರೆ ಮುಂದಿನ ವಾರ ಬರುವುದಿಲ್ಲ. ಅವನೂ ಬೇಕು, ಜನ ಕಮ್ಮಿ. ಹಾಗಾಗಿ "ಪರವಾಗಿಲ್ಲ, ಚೆನ್ನಾಗಿ ಮಾಡಿದ್ದಿ" ಅಂತ ಬಾಯಿಂದ ಬರುತ್ತದೆ. ಅದರ ಮೇಲೆ ಏಪ್ರಿಲ್ ಬಂತು, ಒಳ್ಳೆ ಬಿಸಿಲು ಬಂತು, ಎಲ್ಲರಿಗೂ ಹಾರುವ ಆಸೆ. ಆಗ ಉಳಿದ ಕೆಲಸ ಓಡಿಸುತ್ತಾರೆ. ಇದು ಎಲ್ಲ ದೇಶದ ಮನುಷ್ಯರ ಗುಣ.

ಇನ್ನೊಂದು, ಕಣ್ಣಿಗೆ ಕಾಣುವುದನ್ನು ಎರಡು ಜನ ನೋಡಬಹುದು. ಕಾಣದ್ದನ್ನು? ಬ್ಲಾನಿಕ್ ಎಲ್-13 ಅಂತ ಚೆಕ್ ದೇಶದ ಲೋಹದ ಗ್ಲೈಡರ್ ಉಂಟು. ಎಷ್ಟೋ ದೇಶಗಳಲ್ಲಿ ಅದರಲ್ಲೇ ಕಲಿಸುತ್ತಿದ್ದರು. 2010ರ ಜೂನ್‌ನಲ್ಲಿ ಆಸ್ಟ್ರಿಯಾದಲ್ಲಿ ಒಂದರ ರೆಕ್ಕೆ ಹಾರುತ್ತಿರುವಾಗಲೇ ಮುರಿಯಿತು. ರೆಕ್ಕೆಯೊಳಗಿನ ಮುಖ್ಯ ಸ್ಪಾರ್, ಅಂದರೆ ಭಾರ ಹೊರುವ ತೊಲೆ, ದಣಿದು ಬಿರುಕು ಬಿಟ್ಟಿತ್ತು. ಆಮೇಲೆ ಜಗತ್ತಿನಲ್ಲೆಲ್ಲ ಆ ಗ್ಲೈಡರ್‌ಗಳನ್ನು ನೆಲಕ್ಕೆ ಕೂರಿಸಿದರು. ಹೊರಗಿಂದ ಎಷ್ಟು ಒರೆಸಿದರೂ ಅದು ಕಾಣುವಂಥದ್ದಲ್ಲ.

ಅಂಥ ದಣಿವಿನ ಲೆಕ್ಕ ಇರುವುದು ಲಾಗ್‌ಬುಕ್‌ನಲ್ಲಿ. ಎಷ್ಟು ಗಂಟೆ, ಎಷ್ಟು ಸಲ ಏರಿದ್ದು, ಗಟ್ಟಿಯಾಗಿ ನೆಲಕ್ಕೆ ಬಡಿದದ್ದು ಎಷ್ಟು ಸಲ. ಕ್ಲಬ್‌ನಲ್ಲಿ ಅದನ್ನು ಬರೆಯುವವರು ಯಾರು? ಸಂಜೆ ಬೆಳಕು ಹೋದ ಮೇಲೆ, ಹಸಿವಾಗಿ, ಮನೆಗೆ ಹೋಗುವ ಗಡಿಬಿಡಿಯಲ್ಲಿ ಇದ್ದವರು. ತಮ್ಮ, ನೀನು ಹೋಗುವುದಾದರೆ ಸ್ಪ್ಯಾನರ್‌ಗಿಂತ ಮೊದಲು ಪೆನ್ ಹಿಡಿ.

ಕಟಪಾಡಿ ಕೋನೆ

ಬೈಯುವ ಮಾತು ಸರಿಯಾಗಿ ಹಿಡಿದಿರಿ ಸರ್. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಂದು ಮಾತ್ರ ಕಂಡದ್ದು: ಉಜ್ಜಿದವನೇ ನಾಳೆ ಅದರಲ್ಲಿ ಕೂರುತ್ತಾನೆ. ಅವನ ಮಗಳೂ ಅದೇ ಗ್ಲೈಡರ್‌ನಲ್ಲಿ ಕಲಿಯುತ್ತಾಳೆ. ಸಂಬಳಕ್ಕಿಂತ ಆ ಹೆದರಿಕೆ ಕೆಲಸ ಮಾಡುತ್ತದೆ. ಎಲ್ಲರಲ್ಲೂ ಅಲ್ಲ, ಒಪ್ಪುತ್ತೇನೆ. ಏಪ್ರಿಲ್‌ನ ಗಡಿಬಿಡಿಯನ್ನು ನಾನೂ ನೋಡಿದ್ದೇನೆ.

ಲಾಗ್‌ಬುಕ್ ವಿಷಯಕ್ಕೆ ಒಂದು ಸೇರಿಸುತ್ತೇನೆ. ಹಗ್ಗ ಸಿಕ್ಕಿಸುವ ಟೋಸ್ಟ್ ಹುಕ್ ಉಂಟಲ್ಲ, ಅದನ್ನು 2000 ಸಲ ಏರಿಸಿದ ಮೇಲೆ ಬಿಚ್ಚಿ ಓವರ್‌ಹಾಲ್‌ಗೆ ಕಳಿಸಬೇಕು. ಚಾಲೂ ಇರುವ ಕ್ಲಬ್‌ನ ತರಬೇತಿ ಗ್ಲೈಡರ್‌ಗೆ ಅದು ದೂರದ ಸಂಖ್ಯೆ ಅಲ್ಲ. ಬರೆದಿಡದಿದ್ದರೆ ಯಾವಾಗ ದಾಟಿತು ಅಂತಲೇ ತಿಳಿಯುವುದಿಲ್ಲ. ಫೈಬರ್ ಗ್ಲೈಡರ್‌ಗಳಲ್ಲಿ ಹೆಚ್ಚಿನವಕ್ಕೆ 3000 ಗಂಟೆಗೆ ಒಂದು ದೊಡ್ಡ ತಪಾಸಣೆಯೂ ಇರುತ್ತದೆ.

ಕಾಣದ್ದನ್ನು ಹುಡುಕಲು ಕೆಲವು ಹಳೆ ಉಪಾಯ ಉಂಟು. ನಾಣ್ಯದಿಂದ ರೆಕ್ಕೆ ತಟ್ಟುತ್ತಾ ಹೋಗುವುದು. ಪದರ ಬಿಟ್ಟ ಜಾಗದಲ್ಲಿ ಶಬ್ದ ಮಂಕಾಗುತ್ತದೆ. ರೆಕ್ಕೆಯ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿ, ನಿಮಿಷಕ್ಕೆ ಎಷ್ಟು ಸಲ ತೂಗುತ್ತದೆ ಅಂತ ಎಣಿಸುವುದೂ ಉಂಟು. ಕಾರ್ಖಾನೆಯಿಂದ ಬಂದಾಗ ಬರೆದಿಟ್ಟ ಸಂಖ್ಯೆಗಿಂತ ಕಮ್ಮಿ ಬಂದರೆ ಒಳಗೆ ಏನೋ ಸಡಿಲಾಗಿದೆ. ನನಗೆ ಅದು ಬಹಳ ಇಷ್ಟದ ಕೆಲಸ. ಇಬ್ಬರು ದೊಡ್ಡವರು ನಿಂತು ಗಂಭೀರವಾಗಿ ರೆಕ್ಕೆ ತೂಗುತ್ತಿರುತ್ತಾರೆ, ಮೂರನೆಯವ ಗಡಿಯಾರ ಹಿಡಿದಿರುತ್ತಾನೆ. ನೋಡಿದವರಿಗೆ ನಗು ಬರಬೇಕು.

ಮಣಿಪಾಲ ಏರೋ

ಇದೆಲ್ಲ ನಮ್ಮಲ್ಲಿ ಯಾಕಿಲ್ಲ? ಕಾರ್ಕಳ ಕಡೆ ಬಯಲು ಉಂಟು, ಘಟ್ಟ ಹತ್ತಿರ ಉಂಟು. ಒಂದು ಕ್ಲಬ್ ಕಟ್ಟಿದರೆ ನಾವೇ ರಿಪೇರಿ ಮಾಡಿಕೊಳ್ಳಬಹುದಲ್ಲ?

ಎನ್‌ಸಿಸಿ ಹಳಬ, ಉಡುಪಿ

ಆಸೆ ಒಳ್ಳೆಯದೇ. ನಾನು ಎನ್‌ಸಿಸಿ ಏರ್ ವಿಂಗ್‌ನಲ್ಲಿ ಇದ್ದಾಗ ಗ್ಲೈಡರ್ ಹತ್ತಿದವನು. ಆಗ ರೋಹಿಣಿ ಅಂತ ಇತ್ತು. ನಮ್ಮ ದೇಶದಲ್ಲೇ ವಿನ್ಯಾಸ ಮಾಡಿದ್ದು. ಮರದ್ದು, ಇಬ್ಬರು ಅಕ್ಕಪಕ್ಕ ಕೂರುವುದು. ಸಿವಿಲ್ ಏವಿಯೇಶನ್ ಇಲಾಖೆಯವರು ಆಗ ಅಶ್ವಿನಿ, ಭರಣಿ, ರೋಹಿಣಿ, ಮೃಗಶಿರ, ಆರ್ದ್ರಾ ಅಂತ ಒಂದೊಂದಕ್ಕೆ ನಕ್ಷತ್ರದ ಹೆಸರೇ ಇಟ್ಟಿದ್ದರು. ಈಗ ಪುಣೆಯ ಹಡಪ್ಸರ್‌ನಲ್ಲಿ ಡಿಜಿಸಿಎಯ, ಅಂದರೆ ವಿಮಾನಯಾನದ ಸರ್ಕಾರಿ ನಿಯಂತ್ರಣ ಸಂಸ್ಥೆಯ, ಗ್ಲೈಡಿಂಗ್ ಸೆಂಟರ್ ಉಂಟು.

ನಮ್ಮ ಕರಾವಳಿಗೆ ಕಷ್ಟ ಎರಡು. ಒಂದು, ಮಧ್ಯಾಹ್ನ ಕಡಲಗಾಳಿ ಒಳಗೆ ಬಂತು ಅಂದರೆ ಬಿಸಿಗಾಳಿ ಏಳುವುದು ನಿಲ್ಲುತ್ತದೆ. ಗ್ಲೈಡರ್‌ಗೆ ಅದೇ ಪೆಟ್ರೋಲ್. ಇನ್ನೊಂದು, ಮಳೆ ಮತ್ತು ಉಪ್ಪು. ಹಳೆ ಮರದ ಗ್ಲೈಡರ್‌ಗಳಲ್ಲಿ ಕೆಲವಕ್ಕೆ ಕೇಸೀನ್ ಅಂಟು, ಅಂದರೆ ಹಾಲಿನಿಂದ ಮಾಡಿದ್ದು. ತೇವ ಸಿಕ್ಕಿದರೆ ಬೂಸ್ಟು ಹಿಡಿದು ಬಿಡುತ್ತದೆ. ಸ್ಟೀಲ್ ಪೈಪಿನ ಒಳಗಿನ ತುಕ್ಕು ಹೊರಗೆ ಕಾಣುವುದಿಲ್ಲ. ಕಣಜ ಬಂದು ವೇಗ ಅಳೆಯುವ ಪೀಟೊ ಕೊಳವೆಯೊಳಗೆ ಮಣ್ಣಿನ ಗೂಡು ಕಟ್ಟಿದರೆ ವೇಗದ ಮುಳ್ಳು ಸುಳ್ಳು ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗಿದ ಹ್ಯಾಂಗರ್ ಬೇಕು. ಮನೆಯಲ್ಲಿ ಚಪ್ಪಲಿಗೇ ಬೂಸ್ಟು ಬರುವ ಊರು ನಮ್ಮದು!

ಸಹಿಯ ವಿಷಯಕ್ಕೆ ಬಂದರೆ, ನಮ್ಮಲ್ಲಿ ಡಿಜಿಸಿಎ ಲೈಸೆನ್ಸ್ ಇರುವ ಮೇಂಟೆನೆನ್ಸ್ ಇಂಜಿನಿಯರ್ ಬೇಕು. ಅವರನ್ನು ಭಾನುವಾರ ಬಿಟ್ಟಿಗೆ ಕರೆತರುವುದು ಹೇಗೆ ಅಂತ ಮೊದಲು ಯೋಚಿಸಿ, ಆಮೇಲೆ ಬಯಲು ಹುಡುಕಿ.

ಮಲ್ಪೆ ಫೈಬರ್

ಹಗ್ಗದ ಬಗ್ಗೆ ಯಾರೂ ಬರೆಯಲಿಲ್ಲ. ಇಂಜಿನ್ ಇಲ್ಲದ್ದು ಮೇಲೆ ಹೋಗುವುದು ಹೇಗೆ? ವಿಂಚ್ ಅಂತ ನೋಡಿದೆ. ನಮ್ಮ ಬೋಟಿನಲ್ಲೂ ಬಲೆ ಎಳೆಯಲು ವಿಂಚ್ ಉಂಟು.

ಕಟಪಾಡಿ ಕೋನೆ

ಬಯಲಿನ ಆ ತುದಿಯಲ್ಲಿ ವಿಂಚ್, ಈ ತುದಿಯಲ್ಲಿ ಗ್ಲೈಡರ್, ನಡುವೆ ಸುಮಾರು ಒಂದು ಕಿಲೋಮೀಟರ್ ಹಗ್ಗ. ಮೊದಲು ಸ್ಟೀಲ್ ಇತ್ತು, ಈಗ ಹಲವು ಕಡೆ ಡೈನೀಮಾ ಅನ್ನುವ ಸಿಂಥೆಟಿಕ್ ಹಗ್ಗ. ಅದು ತುಂಡಾದರೆ ಗಂಟು ಹಾಕುವುದಿಲ್ಲ, ಎಳೆ ಬಿಡಿಸಿ ಒಳಗೆ ಹೆಣೆದು ಸೇರಿಸುತ್ತಾರೆ. ನಿಮ್ಮ ಬಂದರಿನಲ್ಲಿ ಹಗ್ಗ ಹೆಣೆಯುವವರಿಗೆ ಅದು ನೋಡಿದ ಕೂಡಲೇ ಬರುತ್ತದೆ. ನನಗೆ ಬರಲು ಒಂದು ಚಳಿಗಾಲ ಬೇಕಾಯಿತು.

ಹಗ್ಗಕ್ಕೂ ಗ್ಲೈಡರ್‌ಗೂ ನಡುವೆ ಬೇಕೆಂದೇ ಒಂದು ದುರ್ಬಲ ಕೊಂಡಿ ಇಡುತ್ತಾರೆ. ಎಳೆತ ಮಿತಿ ದಾಟಿದರೆ ರೆಕ್ಕೆ ಮುರಿಯುವ ಮೊದಲು ಅದು ಮುರಿಯಬೇಕು. ಒಂದೊಂದು ಬಲಕ್ಕೆ ಒಂದೊಂದು ಬಣ್ಣ: ಕಪ್ಪು ಎಲ್ಲಕ್ಕಿಂತ ಗಟ್ಟಿ, ಆಮೇಲೆ ಕಂದು, ಕೆಂಪು, ನೀಲಿ, ಬಿಳಿ. ಯಾವ ಗ್ಲೈಡರ್‌ಗೆ ಯಾವ ಬಣ್ಣ ಅಂತ ಅದರ ಮ್ಯಾನುಯಲ್‌ನಲ್ಲಿ ಇರುತ್ತದೆ. ಪದೇ ಪದೇ ಮುರಿಯುತ್ತದೆ ಅಂತ ಗಟ್ಟಿಯದ್ದು ಹಾಕುವವನನ್ನು ವರ್ಕ್‌ಶಾಪ್‌ನಿಂದ ಹೊರಗಿಡಬೇಕು.

ಕುಳಾಯಿ ಹುಡುಗ

ಎಲ್ಲರಿಗೂ ಧನ್ಯವಾದ. ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಅಪ್ಪನಿಗೂ ಓದಿ ಹೇಳಿದೆ. ರಡ್ಡರ್ ತೂಗಿದ ಕಥೆ ಕೇಳಿ "ಆ ಇನ್‌ಸ್ಪೆಕ್ಟರ್ ಒಳ್ಳೆಯವ" ಅಂದರು. ಒಪ್ಪಿದ ಹಾಗೆ ಲೆಕ್ಕ.

ಸೇರುತ್ತೇನೆ. ಎರಡು ಪ್ರಶ್ನೆ ಉಳಿದಿದೆ. ಇಲ್ಲಿಂದ ಏನಾದರೂ ತೆಗೆದುಕೊಂಡು ಹೋಗಬೇಕಾ? ಮತ್ತೆ, ನನಗೆ ಒಂದು ಕೆಲಸ ಬರುವುದಿಲ್ಲ ಅಂತ ಜರ್ಮನ್ ಸರಿಯಾಗಿ ಬಾರದವ ಅಲ್ಲಿ ಹೇಗೆ ಹೇಳುವುದು?

ಮಲ್ಪೆ ಫೈಬರ್

ಮಾಸ್ಕ್! ಕೋವಿಡ್‌ನ ಬಟ್ಟೆ ಮಾಸ್ಕ್ ಅಲ್ಲ. ಫೈಬರ್ ಧೂಳಿಗೆ ಒಂದು, ರೆಸಿನ್ ವಾಸನೆಗೆ ಇನ್ನೊಂದು ಫಿಲ್ಟರ್ ಬೇರೆ ಬರುತ್ತದೆ. ಅಲ್ಲಿ ಕೊಡುತ್ತಾರೆ, ಕೊಟ್ಟದ್ದನ್ನು ಹಾಕು. ಉದ್ದ ತೋಳಿನ ಹಳೆ ಅಂಗಿ ನಾಲ್ಕು ತೆಗೆದುಕೋ. ಎಪಾಕ್ಸಿ ಮೈಗೆ ತಾಗಿ ಒಮ್ಮೆ ಅಲರ್ಜಿ ಶುರುವಾದರೆ ಆಮೇಲೆ ಬಿಡುವುದಿಲ್ಲ ಅನ್ನುತ್ತಾರೆ. ಕೈಗೆ ಗ್ಲೌಸ್ ಇಲ್ಲದೆ ಮುಟ್ಟಬೇಡ. ಕೈ ತುರಿಸಿದರೆ ಬಿಸಿ ನೀರು ಬೇಡ, ತಣ್ಣೀರು.

ಮೂಡುಬಿದಿರೆ ಫಿಟ್ಟರ್

ಭಾಷೆ ಬರಬೇಕಾಗಿಲ್ಲ. ಅರ್ಧಕ್ಕೆ ನಿಲ್ಲಿಸಿದ ಕೆಲಸಕ್ಕೆ ಕೆಂಪು ಪಟ್ಟಿ ಕಟ್ಟು. ಚೀಟಿಯಲ್ಲಿ ಏನು ಬಿಚ್ಚಿದ್ದಿ, ಏನು ಹಾಕಿಲ್ಲ ಅಂತ ಬರೆದು ಸ್ಟಿಕ್‌ಗೇ ನೇತುಹಾಕು. ಕಾಕ್‌ಪಿಟ್‌ನಲ್ಲಿ ಕೂರುವವನಿಗೆ ಮೊದಲು ಕಾಣುವುದು ಅದೇ. ಆಮೇಲೆ ಟೂಲ್ ಎಣಿಸಿ ಮನೆಗೆ ಹೋಗು.

ಮೊದಲ ತಿಂಗಳು ಆದ ಮೇಲೆ ಇಲ್ಲೇ ಬಂದು ಬರೆ. ಅವರ ಲಾಗ್‌ಬುಕ್ ಹೇಗಿದೆ ಅಂತ ನನಗೆ ನೋಡಬೇಕು.